ಚಾರ್ಟು ಹರಿದವರು ಯಾರು?

ಮೊಮ್ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬೀದರಿನಿಂದ ಔರಾದಿಗೆ ಹೊರಟಿದ್ದೆ. ಅಲ್ಲಿ ಅವಳ ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ಸೇರಿದ್ದರು. ಅವಳ ಕೈಯಲ್ಲಿ ದೊಡ್ಡ ಚಾರ್ಟು. ಅದರ ಮೇಲೆ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡಿದ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಕಾರಿನ ಚಿತ್ರ.

"ಸುತ್ತಿದ್ರ ಬಣ್ಣ ಹೋಗ್ತದ ಮುತ್ಯಾ" ಎಂದು ಅಗಲವಾಗಿಯೇ ಹಿಡಿದಿದ್ದಳು. ಊರು ದಾಟಿ ವೇಗ ಹೆಚ್ಚಿಸಿದ್ದೇ ತಡ, ಪರ್ರೆಂದು ಸದ್ದು! ಒಂದು ಮೂಲೆ ಹರಿದೇ ಹೋಯಿತು. ಗಾಡಿ ನಿಲ್ಲಿಸಿದೆ. ಸುತ್ತ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಗಾಳೀನೇ ಇಲ್ಲ. ಮತ್ತ ಯಾರು ಹರಿದ್ರು?" ಕಣ್ಣಲ್ಲಿ ನೀರು.

ಗಾಳಿ ಸುಮ್ಮನಿದ್ದರೂ ನಾವು ಅದನ್ನು ನೂಕಿಕೊಂಡೇ ಹೋಗಬೇಕು, ಮಕ್ಕಳೇ. ನಾವು ನೂಕಿದಂತೆ ಅದೂ ನಮ್ಮನ್ನು ಹಿಂದಕ್ಕೆ ನೂಕುತ್ತದೆ. ವೇಗ ಎರಡರಷ್ಟಾದರೆ ಈ ತಡೆ ನಾಲ್ಕರಷ್ಟು. ಒಂದು ಸೆಕೆಂಡಿನಲ್ಲಿ ಕ್ರಮಿಸುವ ದೂರವೂ ಎರಡರಷ್ಟಾಗುವುದರಿಂದ, ಗಾಳಿಯನ್ನು ಗೆಲ್ಲಲು ಎಂಜಿನ್ನಿಗೆ ಎಂಟರಷ್ಟು ಶಕ್ತಿ ಬೇಕು!

ಹಳೆಯ ಕಾರುಗಳು ಸೋತದ್ದು ಇಲ್ಲೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಇದ್ದದ್ದು ಸುಮಾರು 20 ಅಶ್ವಶಕ್ತಿ. ನೆಟ್ಟಗೆ ನಿಂತ ಗಾಜು, ಎತ್ತರದ ಮೈ. ಗಂಟೆಗೆ 65-70 ಕಿ.ಮೀ. ಮುಟ್ಟುವಷ್ಟರಲ್ಲಿ ಎಂಜಿನ್ನಿನ ಬಲವೂ ಎದುರಿನ ತಡೆಯೂ ಸರಿಸಮ. ಆಮೇಲೆ ಎಷ್ಟು ಒತ್ತಿದರೂ ವೇಗ ಏರದು. ನಿಜಾಮರ ಕಾರೂ ಎತ್ತರವೇ. ಒಳಗೆ ಸಿಂಹಾಸನದಂಥ ಆಸನ. ಆದರೆ ಅದು ಮೆರವಣಿಗೆಯ ಗಾಡಿ, ಓಟದ್ದಲ್ಲ.

ಈ ಗುಟ್ಟು ತಿಳಿದವರೂ ಆಗಲೇ ಇದ್ದರು. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಜಿ ಬಂದೂಕಿನ ಗುಂಡಿನಂಥ ಚೂಪು ಮೈಯ ವಿದ್ಯುತ್ ಕಾರು ಓಡಿಸಿ, ಗಂಟೆಗೆ 105.88 ಕಿ.ಮೀ. ಮುಟ್ಟಿದರು. ನೆಲದ ಮೇಲೆ ಕಾರೊಂದು ನೂರು ದಾಟಿದ್ದು ಅದೇ ಮೊದಲು. ತಮಾಷೆಯೆಂದರೆ, ಜೆನಾಟ್ಜಿ ಮಾತ್ರ ಆ ಚೂಪು ಮೈಯ ಮೇಲೆ ಎದೆಯುಬ್ಬಿಸಿ ಕೂತು ಗಾಳಿಗೆ ಅಡ್ಡವಾಗಿದ್ದರು!

ಚಿಕ್ಕಂದಿನಲ್ಲಿ ಭಾಲ್ಕಿಗೆ ಸೈಕಲ್ ತುಳಿಯುವಾಗ ಎದುರುಗಾಳಿ ಬಂದರೆ ನಾನು ಹ್ಯಾಂಡಲಿನ ಮೇಲೆ ಬಾಗುತ್ತಿದ್ದೆ. ಕಾರಣ ಗೊತ್ತಿರಲಿಲ್ಲ, ಮೈಗೆ ಮಾತ್ರ ಗೊತ್ತಿತ್ತು.

ಮೊಮ್ಮಗಳು ಕಣ್ಣೊರೆಸಿಕೊಂಡು ಚಾರ್ಟು ಸುರುಳಿ ಸುತ್ತಿ ರಿಬ್ಬನ್ ಕಟ್ಟಿದಳು. ನಾನೂ ವೇಗ ತಗ್ಗಿಸಿದೆ. ಔರಾದಿನಲ್ಲಿ ಹರಿದ ಮೂಲೆಯನ್ನು ಅಂಟಿಸಲಿಲ್ಲ. ಅದರ ಪಕ್ಕ ಬಾಣದ ಗುರುತು ಹಾಕಿ ಬರೆದಳು: "ಇದು ಗಾಳಿಯ ಕೆಲಸ."

ನೀವೂ ಶಾಲೆಯ ಬಯಲಿನಲ್ಲಿ ರಟ್ಟೊಂದನ್ನು ಎದೆಗೆ ಅಡ್ಡ ಹಿಡಿದು ಓಡಿ. ಮತ್ತೆ ಕಂಕುಳಲ್ಲಿಟ್ಟು ಓಡಿ. ವ್ಯತ್ಯಾಸವನ್ನು ಅಜ್ಜ-ಅಜ್ಜಿಗೆ ಹೇಳಿ.