ಮಳೆ ಬಾರದ ನಾಡಿನಲ್ಲಿ ಬೆಟ್ಟ ಕಟ್ಟುವ ವಿದ್ಯೆ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫಿಲಿಪ್ ರೋಸ್‌ಡೇಲ್ 1999ರಲ್ಲಿ ಸ್ಥಾಪಿಸಿದ ಲಿಂಡೆನ್ ಲ್ಯಾಬ್ ಸಂಸ್ಥೆಯು 2003ರ ಜೂನ್‌ನಲ್ಲಿ ಸಾರ್ವಜನಿಕರಿಗೆ ತೆರೆದ ‘ಸೆಕೆಂಡ್ ಲೈಫ್’ ಎಂಬ ವರ್ಚುವಲ್ ಲೋಕದಲ್ಲಿ ಕಾಣುವ ಮನೆ, ಮರ, ಉಡುಪು, ವಾಹನಗಳಲ್ಲಿ ಬಹುಪಾಲನ್ನು ಅಲ್ಲಿನ ನಿವಾಸಿಗಳೇ ಮಾಡಿಕೊಂಡಿದ್ದಾರೆ. ಜಾಗ ಕೊಂಡವರು ಅಥವಾ ಬಾಡಿಗೆಗೆ ಹಿಡಿದವರು ಅದರ ಮೇಲೆ ಮನೆ ಕಟ್ಟಬಹುದಾದಂತೆಯೇ ನೆಲವನ್ನೂ ಎತ್ತಬಹುದು, ತಗ್ಗಿಸಬಹುದು, ದಿನ್ನೆಯನ್ನು ಕೊಳ್ಳವಾಗಿಸಬಹುದು. ಹೀಗೆ ನೆಲದ ಏರಿಳಿತವನ್ನು ರೂಪಿಸುವ ಕೆಲಸಕ್ಕೆ ಟೆರಾಫಾರ್ಮಿಂಗ್ ಎಂದೂ, ರೂಪುಗೊಂಡ ನೆಲದ ಮೇಲೆ ಗಿಡ, ಬಂಡೆ, ಹಾದಿ, ನೀರುಗಳನ್ನು ಹೊಂದಿಸುವ ಕೆಲಸಕ್ಕೆ ಲ್ಯಾಂಡ್‌ಸ್ಕೇಪಿಂಗ್ ಎಂದೂ ಹೆಸರು. ಇದರ ಉಪಕರಣಗಳು ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತವೆ. ನಿಜವಾಗಿ ಕಾಲ ಬೇಡುವುದು ನೆಲ ಹಾಗೇಕಿರುತ್ತದೆ ಎಂಬ ತಿಳಿವಳಿಕೆ. ಆ ಲೋಕದಲ್ಲಿ ಮಳೆ ಬಂದು ನೆಲವನ್ನು ಕೊರೆಯುವುದಿಲ್ಲ, ಮಣ್ಣು ಜರಿಯುವುದಿಲ್ಲ, ನೀರು ತಗ್ಗನ್ನು ಅರಸಿ ಹರಿಯುವುದಿಲ್ಲ; ಆದುದರಿಂದ ಅಲ್ಲಿನ ಪ್ರತಿಯೊಂದು ಕಣಿವೆಗೂ ಒಂದು ಕಾರಣವನ್ನು ಅದನ್ನು ರೂಪಿಸುವವರೇ ಮನಸ್ಸಿನಲ್ಲಿ ಕಲ್ಪಿಸಿಕೊಂಡು ಒದಗಿಸಬೇಕಾಗುತ್ತದೆ.

ಸೆಕೆಂಡ್ ಲೈಫ್‌ನ ನೆಲ ‘ರೀಜನ್’ ಎಂಬ ಚೌಕಗಳಾಗಿ ಹಂಚಿಹೋಗಿದೆ. ಒಂದು ರೀಜನ್ನಿನ ಅಗಲ 256 ಮೀಟರ್, ಉದ್ದ 256 ಮೀಟರ್, ಒಟ್ಟು ವಿಸ್ತೀರ್ಣ 65,536 ಚದರ ಮೀಟರ್, ಅಂದರೆ ಸುಮಾರು ಹದಿನಾರು ಎಕರೆ. ಈ ಚೌಕದಲ್ಲಿ ಮೀಟರಿಗೊಂದರಂತೆ ಬಿಂದುಗಳಿದ್ದು, ಪ್ರತಿ ಬಿಂದುವಿಗೂ ಒಂದೇ ಒಂದು ಸಂಖ್ಯೆ, ಅದರ ಎತ್ತರ, ದಾಖಲಾಗಿರುತ್ತದೆ. ಹೈಟ್‌ಮ್ಯಾಪ್ ಅಥವಾ ಎತ್ತರ ನಕ್ಷೆ ಎನ್ನುವುದು ಇದನ್ನೇ. ಒಂದು ಬಿಂದುವಿಗೆ ಒಂದೇ ಎತ್ತರವಿರುವುದರಿಂದ ಈ ನೆಲದಲ್ಲಿ ಗುಹೆ ಕೊರೆಯಲು ಬರುವುದಿಲ್ಲ, ಮುಂದಕ್ಕೆ ಚಾಚಿದ ಬಂಡೆಯ ಕೆಳಗೆ ನೆರಳಿನ ಜಾಗ ಮಾಡಲೂ ಬರುವುದಿಲ್ಲ. ಅಂಥವು ಬೇಕಾದಾಗ ಬಂಡೆಯ ಆಕಾರದ ವಸ್ತುಗಳನ್ನು ಬೇರೆಯಾಗಿ ತಂದು ನೆಲಕ್ಕೆ ಜೋಡಿಸಬೇಕು. ಬಿಂದುಗಳ ನಡುವಿನ ಅಂತರ ಒಂದು ಮೀಟರ್ ಆಗಿರುವುದರ ಪರಿಣಾಮವೂ ಬೇಗನೆ ಕಣ್ಣಿಗೆ ಬೀಳುತ್ತದೆ. ಚೌಕದ ಅಂಚಿಗೆ ಸಮಾನಾಂತರವಾಗಿ ಕಡಿದ ದರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಅದೇ ದರೆಯನ್ನು ಓರೆಯಾಗಿ ಕಡಿದರೆ ಅದರ ಅಂಚು ಗರಗಸದ ಹಲ್ಲಿನಂತೆ ಒಡೆದು ಕಾಣುತ್ತದೆ.

ನೆಲ ತಿದ್ದುವ ಉಪಕರಣಗಳು ಕೆಲವೇ: ಸಮತಟ್ಟು ಮಾಡುವುದು, ಎತ್ತುವುದು, ತಗ್ಗಿಸುವುದು, ನಯಗೊಳಿಸುವುದು, ಒರಟಾಗಿಸುವುದು, ಮತ್ತು ಮೊದಲಿನ ಸ್ಥಿತಿಗೆ ಮರಳಿಸುವುದು. ಬ್ರಷ್ಷಿನ ಅಗಲವನ್ನೂ ಒತ್ತಡವನ್ನೂ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಹೊಸದಾಗಿ ಕಲಿಯುವವರು ದೊಡ್ಡ ಬ್ರಷ್ಷನ್ನು ಹಿಡಿದು ನೆಲದ ನಡುವೆ ಒಂದು ಬೆಟ್ಟವನ್ನು ಎತ್ತುತ್ತಾರೆ; ಅದು ಬುಡದಲ್ಲಿ ಕಡಿದಾಗಿ, ನೆತ್ತಿಯಲ್ಲಿ ದುಂಡಾಗಿ, ಸುತ್ತಲಿನ ಬಯಲಿಗೂ ತನಗೂ ಸಂಬಂಧವೇ ಇಲ್ಲದಂತೆ ನಿಲ್ಲುತ್ತದೆ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಆದರೆ ಏನೆಂದು ಹೇಳಲು ತಿಳಿಯುವುದಿಲ್ಲ. ನಿಜವಾದ ಬೆಟ್ಟದಿಂದ ಉದುರಿದ ಮಣ್ಣುಕಲ್ಲು ಬುಡದಲ್ಲಿ ಶೇಖರವಾಗಿ, ಇಳಿಜಾರು ಕೆಳಗೆ ಬಂದಂತೆ ಸೌಮ್ಯವಾಗುತ್ತ ಬಯಲಿನಲ್ಲಿ ಬೆರೆತುಹೋಗಿರುತ್ತದೆ. ಸಡಿಲ ಮಣ್ಣು ಅಥವಾ ಒಣ ಮರಳಿನ ರಾಶಿ ಸುಮಾರು 30ರಿಂದ 35 ಡಿಗ್ರಿಗಿಂತ ಹೆಚ್ಚು ಕಡಿದಾಗಿ ನಿಲ್ಲದೆ ಜರಿಯುತ್ತದೆ. ಇದನ್ನು ಎತ್ತರ ನಕ್ಷೆಯ ಲೆಕ್ಕಕ್ಕೆ ತಂದರೆ, ಅಕ್ಕಪಕ್ಕದ ಎರಡು ಬಿಂದುಗಳ ಎತ್ತರದಲ್ಲಿ ಹೆಚ್ಚುಕಡಿಮೆ 70 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವ ಕಡೆ ಮಣ್ಣು ನಿಲ್ಲಲಾರದು, ಅಲ್ಲಿರುವುದು ಬಂಡೆಯೇ ಆಗಿರಬೇಕು. ಈ ಒಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು ಎಲ್ಲಿ ಹುಲ್ಲು ಹರಡಬೇಕು, ಎಲ್ಲಿ ಕಲ್ಲು ಕಾಣಬೇಕು ಎಂಬುದನ್ನು ಮತ್ತೊಬ್ಬರನ್ನು ಕೇಳದೆ ನಿರ್ಧರಿಸಬಲ್ಲರು.

ಬ್ರಷ್ಷಿನಿಂದ ಇಡೀ ರೀಜನ್ನನ್ನು ತಿದ್ದುವುದು ಸಾಹಸದ ಕೆಲಸವಾದ್ದರಿಂದ, ಪೂರ್ತಿ ರೀಜನ್ನಿನ ಒಡೆತನವಿರುವವರು ನೆಲವನ್ನು ಹೊರಗಿನ ಚಿತ್ರ ತಂತ್ರಾಂಶದಲ್ಲಿ ಬಿಡಿಸಿ ‘ರಾ’ ಎಂಬ ಕಡತವಾಗಿ ಏರಿಸುತ್ತಾರೆ. ಇದು 256 ಅಡ್ಡ, 256 ಉದ್ದ ಚುಕ್ಕಿಗಳ ಒಂದು ಚಿತ್ರ. ಆದರೆ ಸಾಮಾನ್ಯ ಚಿತ್ರದಲ್ಲಿ ಮೂರು ಬಣ್ಣದ ಪದರಗಳಿದ್ದರೆ ಇದರಲ್ಲಿ ಹದಿಮೂರು ಪದರಗಳಿರುತ್ತವೆ. ಮೊದಲನೆಯ ಪದರ ಎತ್ತರವನ್ನೂ ಎರಡನೆಯದು ಅದನ್ನು ಗುಣಿಸುವ ಅಂಶವನ್ನೂ ಹೇಳುತ್ತವೆ. ಎರಡನ್ನೂ ಗುಣಿಸಿ 128ರಿಂದ ಭಾಗಿಸಿದರೆ ಮೀಟರುಗಳಲ್ಲಿ ಎತ್ತರ ಸಿಗುತ್ತದೆ. ಗುಣಕ 128 ಆಗಿದ್ದರೆ ಮೊದಲ ಪದರದ ಪ್ರತಿಯೊಂದು ಅಂಕಿಯೂ ಒಂದು ಮೀಟರ್, ಹೀಗಾಗಿ ಸೌಮ್ಯ ಇಳಿಜಾರಿನ ಕಡಲತೀರ ಒಂದೊಂದು ಮೀಟರಿನ ಮೆಟ್ಟಿಲುಗಳಾಗಿ ಒಡೆದುಹೋಗುತ್ತದೆ. ಗುಣಕವನ್ನು 64ಕ್ಕೆ ಇಳಿಸಿದರೆ ಮೆಟ್ಟಿಲಿನ ಎತ್ತರ ಅರ್ಧ ಮೀಟರಿಗೆ ಇಳಿಯುತ್ತದೆ, ಆದರೆ ಬೆಟ್ಟದ ಗರಿಷ್ಠ ಎತ್ತರವೂ 127.5 ಮೀಟರಿಗೆ ನಿಲ್ಲುತ್ತದೆ. ಎತ್ತರ ಬೇಕೋ ನಯ ಬೇಕೋ ಎಂಬ ಈ ಆಯ್ಕೆಯಲ್ಲಿ ಅನುಭವಿಗಳು ಸಾಮಾನ್ಯವಾಗಿ ನಯವನ್ನೇ ಆರಿಸುತ್ತಾರೆ, ಮತ್ತು ಅದು ಸರಿಯಾದ ಆಯ್ಕೆ. ಏಕೆಂದರೆ ಜನ ಓಡಾಡುವುದು, ಕೂರುವುದು, ಮನೆ ಕಟ್ಟುವುದು ತಗ್ಗಿನ ಸೌಮ್ಯ ನೆಲದಲ್ಲಿ, ನೆತ್ತಿಯ ಮೇಲಲ್ಲ.

ಎತ್ತರದ ಅಂಕಿಗಳನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಕಂಪ್ಯೂಟರ್ ಚಿತ್ರವಿಜ್ಞಾನದ ನಾಲ್ಕು ದಶಕಗಳ ಚರಿತ್ರೆಯೇ ಉತ್ತರವಾಗಿದೆ. ಬೆನೋವಾ ಮ್ಯಾಂಡೆಲ್‌ಬ್ರಾಟ್ ಪ್ರತಿಪಾದಿಸಿದ ಫ್ರಾಕ್ಟಲ್ ಜ್ಯಾಮಿತಿಯನ್ನು, ಅಂದರೆ ಭಾಗವೂ ಇಡಿಯೂ ಒಂದೇ ಬಗೆಯ ಒರಟುತನ ತೋರುವ ಆಕೃತಿಗಳ ಗಣಿತವನ್ನು, ಬಳಸಿ ಲೋರನ್ ಕಾರ್ಪೆಂಟರ್ 1980ರಲ್ಲಿ ‘ವೋಲ್ ಲಿಬ್ರ್’ ಎಂಬ ಕಿರುಚಿತ್ರದಲ್ಲಿ ಕಂಪ್ಯೂಟರ್ ಹುಟ್ಟಿಸಿದ ಪರ್ವತಗಳ ನಡುವೆ ಹಾರಾಟವನ್ನು ತೋರಿಸಿದರು. ‘ಟ್ರಾನ್’ ಚಿತ್ರಕ್ಕೆ ದುಡಿದ ಕೆನ್ ಪರ್ಲಿನ್, ಕಂಪ್ಯೂಟರ್ ಚಿತ್ರಗಳ ಯಾಂತ್ರಿಕ ನುಣುಪಿನಿಂದ ಬೇಸತ್ತು, ನಿಯಂತ್ರಿತ ಅನಿಯಮಿತತೆಯನ್ನು ಹುಟ್ಟಿಸುವ ವಿಧಾನವನ್ನು ರೂಪಿಸಿ 1985ರಲ್ಲಿ ಪ್ರಕಟಿಸಿದರು. ಪರ್ಲಿನ್ ನಾಯ್ಸ್ ಎಂದು ಹೆಸರಾದ ಆ ವಿಧಾನಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿತು. ಮೊದಲು ಅಗಲವಾದ, ಎತ್ತರದ ಅಲೆಗಳನ್ನು ಹಾಕಿ, ಅವುಗಳ ಮೇಲೆ ಅರ್ಧ ಅಗಲದ ಅರ್ಧ ಎತ್ತರದ ಅಲೆಗಳನ್ನು, ಅವುಗಳ ಮೇಲೆ ಮತ್ತೂ ಕಿರಿದಾದವನ್ನು ಹೇರುತ್ತ ಹೋದರೆ ಬೆಟ್ಟಸಾಲಿನಂಥದೊಂದು ನೆಲ ಸಿದ್ಧವಾಗುತ್ತದೆ.

ಆದರೂ ಹೀಗೆ ಹುಟ್ಟಿದ ನೆಲದಲ್ಲಿ ಒಂದು ಮೂಲಭೂತ ಕೊರತೆಯಿದೆ. ಅದರ ತುಂಬ ಎಲ್ಲೆಂದರಲ್ಲಿ ಹೊರದಾರಿಯಿಲ್ಲದ ತಗ್ಗುಗಳು ಬಿದ್ದಿರುತ್ತವೆ. ಮಳೆಯ ನಾಡಿನಲ್ಲಿ ಅಂಥ ತಗ್ಗು ಬಹುಕಾಲ ಉಳಿಯುವುದಿಲ್ಲ. ನೀರು ತುಂಬಿ, ಎಲ್ಲಿ ಅಂಚು ಎಲ್ಲಕ್ಕಿಂತ ತಗ್ಗಿದೆಯೋ ಅಲ್ಲಿ ಕೋಡಿ ಬಿದ್ದು, ಕೋಡಿಯೇ ಕೊರೆದು ಹಳ್ಳವಾಗಿ, ಹಳ್ಳ ಹೊಳೆಗೆ ಸೇರುತ್ತದೆ. ಈ ಕೊರತೆಯನ್ನು ಮನಗಂಡ ಕೆಂಟನ್ ಮಸ್‌ಗ್ರೇವ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಫ್ರಾಕ್ಟಲ್ ನೆಲದ ಮೇಲೆ ಕೊರೆತದ ಲೆಕ್ಕವನ್ನು ಓಡಿಸಿದರು: ಪ್ರತಿ ಬಿಂದುವಿಗೂ ಒಂದಿಷ್ಟು ನೀರು ಸುರಿಸುವುದು, ಅದು ತಗ್ಗಿನ ಬಿಂದುವಿಗೆ ಇಳಿಯುವಾಗ ಮಣ್ಣನ್ನು ಹೊತ್ತೊಯ್ಯುವುದು, ವೇಗ ಕಡಿಮೆಯಾದಲ್ಲಿ ಹೂಳನ್ನು ಬಿಡುವುದು, ಇದನ್ನೇ ಮತ್ತೆ ಮತ್ತೆ ಮಾಡುವುದು. ಇಂದು ಭೂರೂಪ ರಚಿಸುವ ತಂತ್ರಾಂಶಗಳಲ್ಲಿ ಕೊರೆತ ಎಂಬ ಗುಂಡಿಯನ್ನು ಒತ್ತಿದಾಗ ನಡೆಯುವುದು ಈ ಕ್ರಿಯೆಯ ಸುಧಾರಿತ ರೂಪಗಳೇ. ಗುಂಡಿ ಒತ್ತಿ ಸುಮ್ಮನಾಗುವ ಬದಲು ಕಲಿಯುವವರು ಒಮ್ಮೆಯಾದರೂ ಆ ಕೆಲಸವನ್ನು ಕೈಯಿಂದ ಮಾಡಿ ನೋಡುವುದು ಒಳ್ಳೆಯದು: ರೀಜನ್ನಿನ ಯಾವುದೇ ಬಿಂದುವಿನಲ್ಲಿ ನಿಂತು, ಇಲ್ಲಿ ಬಿದ್ದ ಹನಿ ಎಲ್ಲಿಗೆ ಹೋಗುತ್ತದೆ ಎಂದು ಕಡಲಿನವರೆಗೂ ಹಿಂಬಾಲಿಸುವುದು, ದಾರಿ ಕಟ್ಟಿದಲ್ಲಿ ಬ್ರಷ್ಷಿನಿಂದ ಬಿಡಿಸಿಕೊಡುವುದು.

ನಿಜವಾದ ಭೂಮಿಯ ಅಂಕಿಗಳನ್ನೇ ನೇರವಾಗಿ ತರಬಹುದಲ್ಲ ಎಂಬ ಆಲೋಚನೆ ಸಹಜ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ನಡೆದ ರೇಡಾರ್ ಸಮೀಕ್ಷೆ ಭೂಮಿಯ ನೆಲಭಾಗದ ಶೇ. 80ರಷ್ಟರ ಎತ್ತರವನ್ನು ಅಳೆದಿದೆ. ಇಸ್ರೋದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಭಾರತದ ಎತ್ತರ ನಕ್ಷೆಯೂ ಸಿದ್ಧವಾಗಿದೆ. ಆದರೆ ರೇಡಾರ್ ಸಮೀಕ್ಷೆಯ ಅಂಕಿಗಳು ಸುಮಾರು 30 ಮೀಟರಿಗೊಂದರಂತೆ ಇರುವುದರಿಂದ, ಸಹ್ಯಾದ್ರಿಯ ಒಂದು ತುಂಡನ್ನು ಅದರ ನಿಜ ಅಳತೆಯಲ್ಲಿ ರೀಜನ್ನಿಗೆ ತಂದರೆ ಒಂದು ಬದಿಗೆ ಸಿಗುವುದು ಎಂಟೊಂಬತ್ತು ಬಿಂದುಗಳು ಮಾತ್ರ, ನಡುವಿನದೆಲ್ಲ ಊಹೆ. ಅಳತೆಯ ತೊಡಕು ಇನ್ನೊಂದು ಬಗೆಯಲ್ಲೂ ಎದುರಾಗುತ್ತದೆ. ಜೋಗದ ಜಲಪಾತದ ಎತ್ತರ 253 ಮೀಟರ್, ರೀಜನ್ನಿನ ಅಗಲ 256 ಮೀಟರ್. ಜೋಗವನ್ನು ಇದ್ದಂತೆಯೇ ನಿಲ್ಲಿಸಿದರೆ ನೆಲವೇ ಉಳಿಯದೆ ಒಂದು ಗೋಡೆ ಮಾತ್ರ ನಿಂತಂತಾಗುತ್ತದೆ. ಆದುದರಿಂದ ಜಲಪಾತದ ಎತ್ತರವನ್ನು ಕುಗ್ಗಿಸಿ, ಅದು ಎತ್ತರ ಅನ್ನಿಸುವಂತೆ ಮಾಡುವ ಉಪಾಯಗಳನ್ನು ಹುಡುಕಬೇಕು: ಹತ್ತಿರದ ಹಾದಿಯನ್ನು ತಗ್ಗಿಸುವುದು, ಬುಡವನ್ನು ಮರಗಳ ಹಿಂದೆ ಮರೆಮಾಡುವುದು, ನೆತ್ತಿಯಂಚಿನಲ್ಲಿ ಚಿಕ್ಕ ಗಾತ್ರದ ಗಿಡಗಳನ್ನು ನೆಟ್ಟು ದೂರದ ಭ್ರಮೆ ಹುಟ್ಟಿಸುವುದು.

ನೀರಿನ ವಿಷಯದಲ್ಲಿ ಈ ಲೋಕದ ಮಿತಿ ಇನ್ನೂ ಕಟ್ಟುನಿಟ್ಟಿನದು. ಅಲ್ಲಿ ನೀರೆಂದರೆ ಸಾಮಾನ್ಯವಾಗಿ 20 ಮೀಟರ್ ಎತ್ತರದಲ್ಲಿ ಹಾಸಿದ ಒಂದು ಸಮತಲ. ನೆಲವನ್ನು ಅದಕ್ಕಿಂತ ತಗ್ಗಿಸಿದಲ್ಲೆಲ್ಲ ಕಡಲು ಕಾಣಿಸಿಕೊಳ್ಳುತ್ತದೆ. ಅಲ್ಲಿನ ನದಿ ಹೀಗಾಗಿ ಕಡಲಿನ ಒಂದು ತೋಳು, ಅದಕ್ಕೆ ಇಳಿಜಾರಿಲ್ಲ, ಹರಿವಿಲ್ಲ. ಬೆಟ್ಟದ ಮೇಲಿನ ತೊರೆಯನ್ನೂ ಕೊಳವನ್ನೂ ನೀರಿನ ಚಿತ್ರ ಅಂಟಿಸಿದ, ಆ ಚಿತ್ರ ಸರಿಯುತ್ತಿರುವಂತೆ ಮಾಡಿದ ವಸ್ತುಗಳಿಂದ ಕಟ್ಟಬೇಕು. ಆದರೆ ನಿಂತ ನೀರಿಗೆ ಹರಿವಿನ ಭಾವ ತರುವುದು ದಡಗಳಿಂದ ಸಾಧ್ಯ. ಹೊಳೆ ತಿರುಗುವಲ್ಲಿ ಹೊರಬದಿಯ ದಡವನ್ನು ನೀರು ಕೊರೆದು ಕಡಿದಾಗಿಸುತ್ತದೆ, ಒಳಬದಿಯಲ್ಲಿ ಮರಳು ನಿಂತು ದಂಡೆ ಹರಡಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ನೆಲದಲ್ಲಿ ಮೂಡಿಸಿ, ಕೆಳಗೆ ಹೋದಂತೆ ಪಾತ್ರವನ್ನು ಸ್ವಲ್ಪ ಸ್ವಲ್ಪವೇ ಅಗಲಿಸಿದರೆ, ಚಲನೆಯೇ ಇಲ್ಲದ ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದು ನೋಡುವವರಿಗೆ ಗೊತ್ತಾಗಿಬಿಡುತ್ತದೆ.

ಈ ಬಗೆಯ ಉಪಾಯಗಳಿಗೆ ಹಳೆಯ ಗುರುಗಳಿದ್ದಾರೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಕೇಪಬಿಲಿಟಿ’ ಬ್ರೌನ್ ಎಂದೇ ಹೆಸರಾದ ಲ್ಯಾನ್ಸ್‌ಲಾಟ್ ಬ್ರೌನ್, ಸಣ್ಣ ತೊರೆಗೆ ಅಡ್ಡಗಟ್ಟೆ ಹಾಕಿ ಕೆರೆ ಮಾಡಿ, ಕೆರೆಯ ತುದಿಗಳನ್ನು ತಿರುವು ಮತ್ತು ಮರಗಳ ಮರೆಗೆ ಸರಿಸುತ್ತಿದ್ದ. ತುದಿ ಕಾಣದ ಕೆರೆ ದೊಡ್ಡ ನದಿಯೊಂದರ ಭಾಗವೆಂದು ತೋರುತ್ತಿತ್ತು. ರೀಜನ್ನಿನ ಅಂಚಿನಲ್ಲಿ ನೀರು ತಟ್ಟನೆ ಮುಗಿಯುವ ಸಮಸ್ಯೆಗೆ ಇದಕ್ಕಿಂತ ಒಳ್ಳೆಯ ಪರಿಹಾರವನ್ನು ಯಾರೂ ಕಂಡುಹಿಡಿದಿಲ್ಲ. ಬ್ರೌನ್‌ನ ನಂತರದ ಹಂಫ್ರಿ ರೆಪ್ಟನ್ ತನ್ನ ಗಿರಾಕಿಗಳಿಗೆ ಕೆಂಪು ರಟ್ಟಿನ ಪುಸ್ತಕಗಳನ್ನು ಮಾಡಿಕೊಡುತ್ತಿದ್ದ. ಅವುಗಳಲ್ಲಿ ಈಗಿರುವ ನೆಲದ ಜಲವರ್ಣ ಚಿತ್ರಕ್ಕೆ ಒಂದು ಮಡಿಕೆಯಿದ್ದು, ಅದನ್ನು ಎತ್ತಿದರೆ ಕೆಲಸ ಮುಗಿದ ಮೇಲಿನ ನೋಟ ಕಾಣುತ್ತಿತ್ತು. ನಡೆಯುವವರ ಕಣ್ಣಿನಿಂದ ನೆಲವನ್ನು ಕಲ್ಪಿಸುವ ಈ ಅಭ್ಯಾಸ ವರ್ಚುವಲ್ ಲೋಕದಲ್ಲಿ ಇನ್ನೂ ಹೆಚ್ಚು ಬೇಕಾಗಿದೆ, ಏಕೆಂದರೆ ಅಲ್ಲಿ ಕೆಲಸ ಮಾಡುವವರು ಮೇಲೆ ಹಾರುತ್ತ ನಕ್ಷೆಯಂತೆ ನೆಲವನ್ನು ನೋಡುವುದಕ್ಕೆ ಬೇಗ ಒಗ್ಗಿಹೋಗುತ್ತಾರೆ.

ಮೇಲ್ಮೈಯ ಬಣ್ಣವೂ ಎತ್ತರವನ್ನೇ ಅನುಸರಿಸುತ್ತದೆ. ಪ್ರತಿ ರೀಜನ್ನಿಗೂ ನೆಲದ ನಾಲ್ಕು ಹೊದಿಕೆ ಚಿತ್ರಗಳಿದ್ದು, ಮರಳು ತಗ್ಗಿನಲ್ಲಿ, ಹುಲ್ಲು ಅದರ ಮೇಲೆ, ಕಲ್ಲು ಎತ್ತರದಲ್ಲಿ ಎಂಬಂತೆ ಅವು ಒಂದರೊಳಗೊಂದು ಬೆರೆಯುತ್ತವೆ. ಯಾವ ಎತ್ತರದಲ್ಲಿ ಯಾವುದು ಎಂಬುದನ್ನು ನಾಲ್ಕು ಮೂಲೆಗಳಿಗೂ ಬೇರೆಬೇರೆಯಾಗಿ ಹೊಂದಿಸಬಹುದು. ಚಿತ್ರವನ್ನು ಮೇಲಿನಿಂದ ಹೊದಿಸುವುದರಿಂದ ಕಡಿದಾದ ದರೆಗಳಲ್ಲಿ ಅದು ಜಗ್ಗಿ ಗೆರೆಗೆರೆಯಾಗುತ್ತದೆ, ಅದನ್ನು ಬಂಡೆಗಳಿಂದ ಮುಚ್ಚುವುದೇ ದಾರಿ. ಬಂಡೆಗಳನ್ನು ನೆಲದ ಮೇಲೆ ಇಡದೆ ಅರ್ಧದಷ್ಟು ಹುಗಿದರೆ ಮಣ್ಣು ಸವೆದು ಬಂಡೆ ಹೊರಬಂದಂತೆ ತೋರುತ್ತದೆ. ಗಿಡಮರಗಳಿಗೂ ಇದೇ ಬಗೆಯ ತರ್ಕವಿದೆ. ಕುದುರೆಮುಖದ ಎತ್ತರದ ಭಾಗಗಳಲ್ಲಿ ಬೋಳು ದಿಣ್ಣೆಗಳ ಮೇಲೆ ಹುಲ್ಲು, ನೀರಿಳಿಯುವ ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು ಇರುವುದನ್ನು ಗಮನಿಸಿದವರು ಮರಗಳನ್ನು ನೆಲದ ತುಂಬ ಸಮವಾಗಿ ಚೆಲ್ಲುವ ತಪ್ಪನ್ನು ಮಾಡಲಾರರು. ವಸ್ತುಗಳ ಸಂಖ್ಯೆಗೆ ಮಿತಿ ಇರುವುದೂ ಈ ವಿವೇಕಕ್ಕೆ ಅನುಕೂಲಕರ: ಮೊದಲ ಹಲವು ವರ್ಷ ಪೂರ್ಣ ರೀಜನ್ನಿಗೆ 15,000 ಮೂಲವಸ್ತುಗಳ ಲೆಕ್ಕವಿದ್ದು, 512 ಚದರ ಮೀಟರಿನ ತುಂಡಿಗೆ 117 ಬರುತ್ತಿತ್ತು. ನೆಲದ ಏರಿಳಿತ ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಮಣ್ಣಿನಿಂದ ಆಗುವ ಕೆಲಸಕ್ಕೆ ವಸ್ತು ಖರ್ಚು ಮಾಡದಿರುವುದು ಅಲ್ಲಿ ಕಲಿತ ಕೈಯ ಲಕ್ಷಣ.

ಕಲಿಯುವ ಜಾಗದ ಪ್ರಶ್ನೆ ಮಾತ್ರ ಬಹುಕಾಲ ಕಾಡಿತು. ವಸ್ತು ಕಟ್ಟುವುದನ್ನು ಕಲಿಯಲು ಸೆಕೆಂಡ್ ಲೈಫ್‌ನಲ್ಲಿ ಯಾರು ಬೇಕಾದರೂ ಬಳಸಬಹುದಾದ ಅಭ್ಯಾಸದ ಬಯಲುಗಳಿವೆ. ಆದರೆ ನೆಲ ತಿದ್ದುವ ಅನುಮತಿ ಸಾಮಾನ್ಯವಾಗಿ ಜಾಗ ಹೊಂದಿದವರಿಗೆ ಮಾತ್ರ, ಅದರಲ್ಲೂ ಲಿಂಡೆನ್ ಲ್ಯಾಬ್ ತಾನೇ ನಡೆಸುವ ‘ಮುಖ್ಯಭೂಮಿ’ಯ ಬಹುತೇಕ ಕಡೆ ನೆಲವನ್ನು 4 ಮೀಟರಿಗಿಂತ ಹೆಚ್ಚು ಎತ್ತಲು ಅಥವಾ ತಗ್ಗಿಸಲು ಬರುವುದಿಲ್ಲ. ಅಕ್ಕಪಕ್ಕದವರ ನೋಟವನ್ನು ಕಾಯುವ ದೃಷ್ಟಿಯಿಂದ ಈ ಮಿತಿ ನ್ಯಾಯವಾದದ್ದೇ, ಆದರೂ ಹಣ ಕೊಡದೆ ಬೆಟ್ಟ ಕಟ್ಟಿ ಕೆಡವಿ ಕಲಿಯಬೇಕೆನ್ನುವವರಿಗೆ ಅದು ಅಡ್ಡಿಯೇ ಸರಿ. 2007ರಲ್ಲಿ ಆರಂಭವಾದ, ಮುಕ್ತ ಪರವಾನಗಿಯ ‘ಓಪನ್‌ಸಿಮ್ಯುಲೇಟರ್’ ತಂತ್ರಾಂಶ ಈ ಅಡ್ಡಿಯನ್ನು ತೆಗೆದುಹಾಕಿದೆ. ಅದನ್ನು ಸ್ವಂತ ಕಂಪ್ಯೂಟರಿನಲ್ಲಿ ನಡೆಸಿ, ಅದೇ ಅಳತೆಯ ರೀಜನ್ನನ್ನು ತೆರೆದು, ಒಂದು ಆದೇಶದಿಂದ ಇಡೀ ನೆಲವನ್ನು ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಿನ ಬಯಲಾಗಿಸಿ ಕೆಲಸ ಶುರುಮಾಡಬಹುದು. ಶಾಲಾ ಭೂಗೋಳದ ತರಗತಿಗಳಿಗೂ ಇದು ಒದಗಬಲ್ಲ ಸಾಧನ; ಜಲಾನಯನ ಪ್ರದೇಶ ಎಂಬುದನ್ನು ಪುಸ್ತಕದ ವ್ಯಾಖ್ಯೆಯಿಂದ ಉರುಹೊಡೆಯುವ ಮಗು, ಅದನ್ನು ಒಮ್ಮೆ ತಾನೇ ಕಟ್ಟಿದರೆ ಮರೆಯುವುದು ಕಷ್ಟ.

ಖಾಸಗಿ ರೀಜನ್ನುಗಳಲ್ಲಿ ಕೆಲಸದ ಕೊನೆಯ ಹಂತಕ್ಕೆ ‘ಬೇಕ್’ ಮಾಡುವುದು ಎನ್ನುತ್ತಾರೆ. ಆ ಕ್ಷಣದ ಎತ್ತರಗಳನ್ನು ಮೂಲವೆಂದು ದಾಖಲಿಸುವ ಕ್ರಿಯೆ ಇದು. ಅಲ್ಲಿಂದ ಮುಂದೆ ‘ಮೊದಲಿನ ಸ್ಥಿತಿಗೆ ಮರಳಿಸು’ ಎಂದರೆ ನೆಲ ಹಿಂತಿರುಗುವುದು ಈ ಹೊಸ ಮೂಲಕ್ಕೆ, ಎತ್ತುವ ತಗ್ಗಿಸುವ ಮಿತಿಗಳ ಎಣಿಕೆಯೂ ಇದರಿಂದಲೇ. ಹಳೆಯ ಮೂಲ ಮತ್ತೆ ಸಿಗದ ಕಾರಣ ಅನುಭವಿಗಳು ಮೊದಲು ಹಾರಾಟವನ್ನು ಬಿಟ್ಟು ಇಡೀ ನೆಲವನ್ನು ಕಾಲುನಡಿಗೆಯಲ್ಲಿ ಸುತ್ತುತ್ತಾರೆ, ಹತ್ತಲಾಗದ ಏರುಗಳನ್ನೂ ದಾರಿತಪ್ಪಿದ ತಗ್ಗುಗಳನ್ನೂ ಸರಿಪಡಿಸುತ್ತಾರೆ, ಹಳೆಯ ನೆಲದ ರಾ ಕಡತವನ್ನು ಇಳಿಸಿ ಜೋಪಾನವಾಗಿ ಇಟ್ಟುಕೊಂಡ ಮೇಲೆಯೇ ಆ ಗುಂಡಿಯನ್ನು ಒತ್ತುತ್ತಾರೆ.