ಕೆಲಸ ಬಿಟ್ಟರೂ 401ಕೆ ಹಕ್ಕು ಹೋಗುವುದಿಲ್ಲ

ಅಮೆರಿಕದಲ್ಲಿ ಏಳೆಂಟು ವರ್ಷ ದುಡಿದು ಬೆಂಗಳೂರಿಗೆ ಮರಳಿದ ಅನೇಕರ 401ಕೆ ನಿವೃತ್ತಿ ಹಣ ಹಳೆಯ ಕಂಪನಿಯ ಯೋಜನೆಯಲ್ಲೇ ಉಳಿದಿರುತ್ತದೆ. ಕೆಲಸ ಬಿಟ್ಟ ಮೇಲೆ ಅದನ್ನು ಹೇಗೆ ನೋಡಿಕೊಳ್ಳುತ್ತಿದ್ದೀರಿ ಎಂದು ಕೇಳುವ ಹಕ್ಕು ತಮಗಿಲ್ಲ ಎಂದೇ ಇವರಲ್ಲಿ ಹಲವರು ನಂಬಿದ್ದಾರೆ.

ಈ ನಂಬಿಕೆ ಪೂರ್ತಿ ತಪ್ಪು. ಖಾತೆಯಲ್ಲಿ ಹಣ ಇರುವವರೆಗೆ ಮಾಜಿ ನೌಕರರೂ ಯೋಜನೆಯ ಸದಸ್ಯರೇ. ವೀಸಾ ಮುಗಿದಿದ್ದರೂ ಅದು ಬದಲಾಗುವುದಿಲ್ಲ. ಈ ಹಕ್ಕಿನ ಹಿಂದೆ ಒಂದು ಕಥೆಯಿದೆ. 1963ರಲ್ಲಿ ಸ್ಟೂಡಿಬೇಕರ್ ಕಂಪನಿ ಸೌತ್ ಬೆಂಡ್‌ನ ಕಾರು ಕಾರ್ಖಾನೆ ಮುಚ್ಚಿದಾಗ ಸಾವಿರಾರು ಕಾರ್ಮಿಕರಿಗೆ ಬರಬೇಕಿದ್ದ ಪಿಂಚಣಿಯಲ್ಲಿ ಶೇ. 15ರಷ್ಟು ಮಾತ್ರ ಸಿಕ್ಕಿತು, ಇನ್ನೂ ಹಲವರಿಗೆ ಅದೂ ಇಲ್ಲ. ಅಂಥ ಅನ್ಯಾಯಗಳ ಬೆನ್ನಿಗೇ 1974ರಲ್ಲಿ ಇಂಥ ಯೋಜನೆಗಳ ಸದಸ್ಯರನ್ನು ಕಾಯುವ ಎರಿಸಾ ಕಾಯ್ದೆ ಬಂತು. ಅದರ ಪ್ರಕಾರ ಯೋಜನೆಯ ಹೊಣೆ ಹೊತ್ತವರು ಸದಸ್ಯರ ಹಿತವನ್ನಷ್ಟೇ ನೋಡಬೇಕು. ಹೊಣೆ ತಪ್ಪಿ ನಷ್ಟವಾದರೆ ಅದನ್ನು ಸ್ವಂತ ಕೈಯಿಂದ ತುಂಬಿಕೊಡಬೇಕು.

"ಹಣ ಹೂಡುವ ಫಂಡ್ ಆರಿಸಿದ್ದು ನಾನೇ, ಯಾರನ್ನು ದೂರಲಿ?" ಎನ್ನುವವರೂ ಇದ್ದಾರೆ. ಆರಿಸಿದ್ದು ನೀವು, ನಿಜ. ಆದರೆ ನಿಮ್ಮ ಮುಂದಿಟ್ಟ ಫಂಡ್‌ಗಳ ಪಟ್ಟಿ ಯೋಜನೆಯ ಹೊಣೆ ಹೊತ್ತವರದು. ಎಡಿಸನ್ ಕಂಪನಿಯ ಯೋಜನೆಯಲ್ಲಿ ಅದೇ ಫಂಡ್ ಕಡಿಮೆ ಶುಲ್ಕಕ್ಕೆ ಸಿಗುತ್ತಿದ್ದರೂ ದುಬಾರಿ ಶುಲ್ಕದ್ದನ್ನೇ ಪಟ್ಟಿಯಲ್ಲಿ ಇಟ್ಟಿದ್ದರೆಂದು ನೌಕರರು ಕೋರ್ಟಿಗೆ ಹೋದರು. ಒಮ್ಮೆ ಆರಿಸಿ ಕೈತೊಳೆದುಕೊಳ್ಳುವಂತಿಲ್ಲ, ಆಗಾಗ ಪರಿಶೀಲಿಸುತ್ತಲೇ ಇರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಹಾಗೆಂದು ಮಾರುಕಟ್ಟೆ ಕುಸಿದು ಹಣ ಕರಗಿದ ಮಾತ್ರಕ್ಕೆ ದಾವೆ ನಿಲ್ಲದು. ಹೊಣೆ ಹೊತ್ತವರು ಮಾಡಬೇಕಾದ ಪರಿಶೀಲನೆ ಮಾಡಿದ್ದರೇ ಎಂಬುದೇ ಅಲ್ಲಿನ ಪ್ರಶ್ನೆ.

ಕಂಪನಿ ಕಳಿಸಿದ ಕಾಗದಪತ್ರ ಓದದವರಿಗೆ ಇನ್ನು ದಾರಿಯೇ ಇಲ್ಲವೆಂಬ ಭಯವೂ ಇದೆ. ಇಂಟೆಲ್‌ನಲ್ಲಿ 2010ರಿಂದ 2012ರವರೆಗೆ ದುಡಿದ ನೌಕರರೊಬ್ಬರು ನಿವೃತ್ತಿ ಹಣದ ಹೂಡಿಕೆ ಸರಿಯಿಲ್ಲವೆಂದು 2015ರಲ್ಲಿ ದಾವೆ ಹೂಡಿದರು. ಮಾಹಿತಿಯನ್ನು ಮೊದಲೇ ಕೊಟ್ಟಿದ್ದೆವು, ದಾವೆಗಿರುವ ಮೂರು ವರ್ಷದ ಗಡುವು ಮುಗಿದಿದೆ ಎಂದು ಎದುರು ಪಕ್ಷ ವಾದಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ನಿಜಕ್ಕೂ ತಿಳಿದ ದಿನದಿಂದ ಮೂರು ವರ್ಷ, ತಲುಪಿದ ಕಾಗದ ಓದಿರದಿದ್ದರೆ ತಿಳಿದಂತಲ್ಲ. ಹೂಡಿಕೆ ಸರಿಯೋ ತಪ್ಪೋ ಎಂಬುದನ್ನು ಆ ತೀರ್ಪು ಮುಟ್ಟಲಿಲ್ಲ. ಈ ರಕ್ಷಣೆಯನ್ನೇ ನಂಬಿ ಕೂರಲೂಬೇಡಿ. ವಂಚನೆ ಅಥವಾ ಮುಚ್ಚಿಡುವಿಕೆ ಇಲ್ಲದಿದ್ದರೆ, ತಿಳಿಯಲಿ ಬಿಡಲಿ, ಸಾಮಾನ್ಯವಾಗಿ ತಪ್ಪು ನಡೆದ ಆರು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ.

ಇನ್ನೂ ಕೆಲಸದಲ್ಲಿರುವವರಿಗೆ "ಕೇಳಿದರೆ ತೆಗೆದುಹಾಕುತ್ತಾರೆ" ಎಂಬ ಅಳುಕು. ಯೋಜನೆಯ ಹಕ್ಕು ಚಲಾಯಿಸಿದ್ದಕ್ಕೆ ನೌಕರರನ್ನು ವಜಾ ಮಾಡುವುದು ಕಾಯ್ದೆಯಲ್ಲೇ ನಿಷಿದ್ಧ.

ಅನುಮಾನ ಬಂದರೆ ಯೋಜನೆಯ ಆಡಳಿತಗಾರರಿಗೆ ಪತ್ರ ಬರೆದು ಯೋಜನೆಯ ಮೂಲ ದಾಖಲೆ, ಇತ್ತೀಚಿನ ವಾರ್ಷಿಕ ವರದಿ ಕೇಳಿ. 30 ದಿನದಲ್ಲಿ ಕೊಡದಿದ್ದರೆ ಕೋರ್ಟ್ ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕಬಹುದು. ಅಮೆರಿಕದ ಕಾರ್ಮಿಕ ಇಲಾಖೆಯ ನೌಕರರ ಸೌಲಭ್ಯ ವಿಭಾಗ ಪುಕ್ಕಟೆ ಸಲಹೆಯನ್ನೂ ಕೊಡುತ್ತದೆ. ಪತ್ರದ ಪ್ರತಿ ಮತ್ತು ಕಳಿಸಿದ ದಿನಾಂಕದ ಪುರಾವೆ ನಿಮ್ಮ ಬಳಿ ಇರಲಿ.