ರಿಪೇರಿಯ ಹಕ್ಕು ದೋಣಿಗೂ ಬೇಕು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ಸಾಗರ ತಾಲ್ಲೂಕಿನ ತುಮರಿ ಸೀಮೆಗೆ ನೀರೇ ರಸ್ತೆಯಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದುಕೊಂಡರೂ, ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವರಿಗೆ ದೋಣಿಯ ಆಸರೆ ತಪ್ಪಿಲ್ಲ.

ಅಂತಹ ಪರಿಚಿತರೊಬ್ಬರ ದೋಣಿಯ ಹಳೆಯ ಟೂ-ಸ್ಟ್ರೋಕ್ ಮೋಟಾರನ್ನು ಶಿವಮೊಗ್ಗದ ನಮ್ಮ ಮನೆಯಂಗಳದಲ್ಲಿ ಬಿಚ್ಚಿದೆ. ಹೊಸದನ್ನೇ ಕೊಳ್ಳಿರೆಂದು ಅಂಗಡಿಯವರು ಅವರಿಗೆ ಹೇಳಿ ಕಳುಹಿಸಿದ್ದರು. ಇದ್ದ ದೋಷಗಳು ಎರಡೇ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟನ್ನು ಮುಚ್ಚಿತ್ತು. ಎಂಜಿನ್ನನ್ನು ತಂಪಾಗಿಡಲು ಹೊಳೆಯ ನೀರನ್ನು ಮೇಲೆತ್ತುವ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಗಡುಸಾಗಿ ಮುರಿದಿದ್ದವು. ಜೆಟ್ಟನ್ನು ತೊಳೆಯಲು ಒಂದು ಸಂಜೆ ಸಾಕಾಯಿತು. ಇಂಪೆಲ್ಲರ್ ಮಾತ್ರ ಊರಿನಲ್ಲಿ ದೊರೆಯದೆ, ಕರಾವಳಿಯಿಂದ ತರಿಸಲು ಮೂರು ವಾರ ಹಿಡಿಯಿತು. ಬಳಿಕ ಮೋಟಾರಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಚಾಲನೆ ಮಾಡಿದೆವು. ನೀರಿಲ್ಲದೆ ಓಡಿಸಿದರೆ ಹೊಸ ಇಂಪೆಲ್ಲರೂ ಬೇಗನೆ ಹಾಳಾಗುತ್ತದೆ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಜಾಲತಾಣವನ್ನು ಆರಂಭಿಸಿದಾಗ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತು. ದೋಣಿಯ ಯಂತ್ರಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ. ಮೀನುಗಾರನ ಮೋಟಾರು ರೈತನ ಪಂಪ್‌ಸೆಟ್ಟಿನಷ್ಟೇ ದುಡಿಮೆಯ ಸಾಧನವಲ್ಲವೇ? ಕೈಪಿಡಿಯ ಮಾಹಿತಿ ಒದಗಿಸಿದರಷ್ಟೇ ಸಾಲದು. ಮಾರಾಟ ನಿಲ್ಲಿಸಿದ ಮಾದರಿಗಳ ಬಿಡಿಭಾಗಗಳನ್ನೂ ನಿರ್ದಿಷ್ಟ ಅವಧಿಯವರೆಗೆ ಪೂರೈಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಬೇಕು. ಅಂಗೈಗಿಂತ ಕಿರಿದಾದ ರಬ್ಬರ್ ತುಂಡಿಗಾಗಿ ಒಂದು ಕುಟುಂಬದ ಅನ್ನ ದಡದಲ್ಲಿ ಕಾಯುವಂತಾಗಬಾರದು.